ಬ್ಯಾಚ್ ಬ್ಯಾಚ್ ಆಗಿ ಬಿಟ್ಟ ಓಟ, ಒಬ್ಬೊಬ್ಬರಾಗಿ ಹೊರಟ ಸೈಕಲ್: ಟೈಮಿಂಗ್ ಸಾಫ್ಟ್‌ವೇರ್‌ನಲ್ಲಿ ಹೊರಡುವ ಸಮಯ ಹಾಕುವುದು ಹೇಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಓಟ, ಸೈಕಲ್ ಸ್ಪರ್ಧೆ ನಡೆಸುವವರು ಮತ್ತೆ ಮತ್ತೆ ಕೇಳುವುದು ಇದನ್ನೇ: “ಎಲ್ಲರನ್ನೂ ಒಟ್ಟಿಗೆ ಬಿಡಲಿಲ್ಲ, ಸಾಫ್ಟ್‌ವೇರ್‌ಗೆ ಅದನ್ನ ಹೆಂಗ ಹೇಳಬೇಕು?” ಇದರ ಬೆನ್ನಿಗೇ ಇನ್ನೊಂದು: “ಸ್ಪರ್ಧೆ ತಡವಾಗಿ ಶುರುವಾಯ್ತು, ಈಗ ಎಲ್ಲರ ಟೈಮಿಂಗೂ ತಪ್ಪು ತೋರಿಸ್ತಿದೆ, ಏನು ಮಾಡಲಿ?”

ಎರಡಕ್ಕೂ ಮೂಲ ಒಂದು ಸರಳ ಕಳೆಯುವ ಲೆಕ್ಕ. ಸ್ಪರ್ಧಿ ಫಿನಿಶ್ ಲೈನ್ ದಾಟಿದ ಗಡಿಯಾರದ ಹೊತ್ತಿನಿಂದ ಹೊರಟ ಹೊತ್ತನ್ನು ಕಳೆದರೆ ಬರುವುದೇ ಅವರ ಟೈಮಿಂಗ್. ಫಿನಿಶ್‌ನಲ್ಲಿ ಎಲ್ಲರ ಕಣ್ಣೂ ಇರುತ್ತದೆ, ಅಲ್ಲಿ ಆಗುವ ತಪ್ಪು ಒಬ್ಬರಿಗೋ ಇಬ್ಬರಿಗೋ ಸೀಮಿತ. ಹೊರಡುವ ಸಮಯದ ತಪ್ಪು ಹಾಗಲ್ಲ. ಒಂದು ಬ್ಯಾಚಿನ ಸಮಯವನ್ನು 1 ನಿಮಿಷ ಹೆಚ್ಚುಕಮ್ಮಿ ಹಾಕಿದರೆ ಆ ಬ್ಯಾಚಿನ ಇನ್ನೂರು ಜನರ ಫಲಿತಾಂಶವೂ ಒಟ್ಟಿಗೇ ಕೆಡುತ್ತದೆ. ಅದಕ್ಕೇ ಈ ಲೇಖನ ಪೂರ್ತಿ ಸ್ಟಾರ್ಟ್ ಲೈನಿನದ್ದು. ನೀವು ಬಳಸುವ ಸಾಫ್ಟ್‌ವೇರ್‌ನಲ್ಲಿ ಬಟನ್ನುಗಳ ಹೆಸರು ಬೇರೆ ಇರಬಹುದು. ಒಳಗಿನ ಲೆಕ್ಕ ಎಲ್ಲದರಲ್ಲೂ ಇದೇ.

ಬೇಕಾಗುವುದು: ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್, ಎಕ್ಸೆಲ್ ಅಥವಾ ಅದರಂಥ ಶೀಟ್, ಸೆಕೆಂಡು ಕಾಣುವ ಗಡಿಯಾರ ಇರುವ ಎರಡು ಫೋನು, ಪ್ರಿಂಟ್ ಮಾಡಿದ ಸ್ಟಾರ್ಟ್ ಪಟ್ಟಿ, ಕ್ಲಿಪ್ ಇರುವ ರೈಟಿಂಗ್ ಪ್ಯಾಡ್, ಪೆನ್ನು, ಪವರ್ ಬ್ಯಾಂಕ್. ಜನ ಕನಿಷ್ಠ ಇಬ್ಬರು: ಬಿಡುವ ಸ್ಟಾರ್ಟರ್ ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ಒಬ್ಬರೇ ಎರಡನ್ನೂ ಮಾಡಲು ಹೋಗಬೇಡಿ. ಸೀಟಿ ಊದುತ್ತಾ ಪೆನ್ನು ಹಿಡಿದವರ ಪಟ್ಟಿ ಹತ್ತನೇ ಸ್ಪರ್ಧಿಯ ಹೊತ್ತಿಗೆ ಖಾಲಿ ಬೀಳಲು ಶುರುವಾಗುತ್ತದೆ.

1. ಹೇಗೆ ಬಿಡುತ್ತೀರಿ ಎಂದು ಮೊದಲು ತೀರ್ಮಾನಿಸಿ

ಸಾಫ್ಟ್‌ವೇರ್‌ನಲ್ಲಿ ಹೊಸ ಸ್ಪರ್ಧೆ ತೆರೆದ ಕೂಡಲೇ ಸಾಮಾನ್ಯವಾಗಿ ಸ್ಟಾರ್ಟ್ ವಿಧ ಕೇಳುತ್ತದೆ. ನಮಗೆ ಬೇಕಾದವು ನಾಲ್ಕು.

ಮಾಸ್ ಸ್ಟಾರ್ಟ್ ಎಂದರೆ ಎಲ್ಲರೂ ಒಂದೇ ಗುಂಡಿನ ಸದ್ದಿಗೆ ಹೊರಡುವುದು. ವೇವ್ ಸ್ಟಾರ್ಟ್ ಎಂದರೆ ನಾವು ಹೇಳುವ ಬ್ಯಾಚ್, ಬ್ಯಾಚಿಗೊಂದು ಸಮಯ. ಇಂಟರ್ವಲ್ ಸ್ಟಾರ್ಟ್‌ನಲ್ಲಿ 30 ಸೆಕೆಂಡಿಗೋ 1 ನಿಮಿಷಕ್ಕೋ ಒಬ್ಬರಂತೆ ಹೊರಡುತ್ತಾರೆ. ಸೈಕಲ್ ಟೈಮ್ ಟ್ರಯಲ್ ನಡೆಯುವುದು ಹೀಗೆ. ಪರ್ಸ್ಯೂಟ್ ಸ್ಟಾರ್ಟ್‌ನಲ್ಲಿ ಹಿಂದಿನ ಸುತ್ತಿನಲ್ಲಿ ಗೆದ್ದವರು ಮೊದಲು ಹೊರಡುತ್ತಾರೆ, ಉಳಿದವರು ಎಷ್ಟು ಹಿಂದಿದ್ದರೋ ಅಷ್ಟೇ ಅಂತರದಲ್ಲಿ ಅವರ ಹಿಂದೆ. ಇದರಲ್ಲಿ ಫಿನಿಶ್ ಲೈನ್ ಮೊದಲು ಮುಟ್ಟಿದವರೇ ಗೆದ್ದವರು, ಲೆಕ್ಕ ಬೇಡ.

ಆಯ್ಕೆಯನ್ನು ರಸ್ತೆ ಹೇಳುತ್ತದೆ. ಅಂಜನಾದ್ರಿಯಂಥ ಮೆಟ್ಟಿಲ ದಾರಿಯಲ್ಲಿ ಮಾಸ್ ಸ್ಟಾರ್ಟ್ ಇಟ್ಟರೆ ಮೊದಲ ತಿರುವಿನಲ್ಲೇ ಜನ ಸಿಕ್ಕಿಬೀಳುತ್ತಾರೆ; ಅಲ್ಲಿ ಸಣ್ಣ ಬ್ಯಾಚ್ ಇಲ್ಲವೇ ಇಂಟರ್ವಲ್ ಸರಿ. ಸುಗ್ಗಿಯ ದಿನಗಳಲ್ಲಿ ಗಂಗಾವತಿ, ಸಿಂಧನೂರು ಸುತ್ತಮುತ್ತ ರಸ್ತೆಯ ಒಂದು ಬದಿಯಲ್ಲಿ ಭತ್ತ ಒಣಗಲು ಹಾಕಿರುತ್ತಾರೆ. ಅಲ್ಲಿ ಸೈಕಲ್ ಬಿಡುವುದಾದರೆ ಅಂತರ 30 ಸೆಕೆಂಡಿನ ಬದಲು 1 ನಿಮಿಷ ಮಾಡಿ, ಒಬ್ಬರನ್ನೊಬ್ಬರು ದಾಟುವ ಸಂದರ್ಭ ಕಮ್ಮಿಯಾಗುತ್ತದೆ.

ಮಾಸ್ ಅಥವಾ ಬ್ಯಾಚ್ ಇದ್ದರೆ ಇನ್ನೊಂದು ತೀರ್ಮಾನ ಬಾಕಿ ಇರುತ್ತದೆ. ಗನ್ ಟೈಮ್ ಎಂದರೆ ಗುಂಡು ಹಾರಿದಾಗಿನಿಂದ ಎಣಿಸಿದ್ದು. ಚಿಪ್ ಟೈಮ್ ಎಂದರೆ, ಚೆಸ್ಟ್ ನಂಬರಿನ ಹಿಂದೆ ಅಂಟಿಸಿದ ಚಿಪ್ ಓದಿ, ಆ ಓಟಗಾರ ಸ್ಟಾರ್ಟ್ ಲೈನ್ ದಾಟಿದಾಗಿನಿಂದ ಎಣಿಸಿದ್ದು. ಸಾವಿರ ಜನರ ಓಟದಲ್ಲಿ ಹಿಂದೆ ನಿಂತವರಿಗೆ ಇವೆರಡರ ನಡುವೆ ನಿಮಿಷಗಳ ವ್ಯತ್ಯಾಸ ಬರುತ್ತದೆ. ಅಥ್ಲೆಟಿಕ್ಸ್‌ನ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ ನಿಯಮದಲ್ಲಿ ಸ್ಥಾನ ನಿರ್ಧಾರವಾಗುವುದು ಗನ್ ಟೈಮ್ ಮೇಲೆ. ಚಿಪ್ ಟೈಮನ್ನು ಓಟಗಾರರಿಗೆ ತಿಳಿಸಬಹುದು ಅಷ್ಟೆ. ನಿಮ್ಮ ಸ್ಪರ್ಧೆಯಲ್ಲಿ ವಯಸ್ಸಿನ ವಿಭಾಗಗಳಿಗೆ ಚಿಪ್ ಟೈಮ್ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ಅದನ್ನು ನೋಂದಣಿ ಫಾರ್ಮಿನಲ್ಲೇ ಬರೆದಿರಬೇಕು. ಬಹುಮಾನ ಕೊಡುವ ಹೊತ್ತಿಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ.

2. ಗಡಿಯಾರ ಒಂದೇ ಇರಲಿ

ಸಾಫ್ಟ್‌ವೇರ್ ಸಮಯವನ್ನು ಎರಡು ರೀತಿ ಇಟ್ಟುಕೊಳ್ಳುತ್ತದೆ. ಒಂದು, ದಿನದ ಗಡಿಯಾರ: 6:45:00 ಎಂದರೆ ಬೆಳಿಗ್ಗೆ ಆರೂ ಮುಕ್ಕಾಲು. ಇನ್ನೊಂದು, ಸೊನ್ನೆಯಿಂದ ಓಡುವ ಸ್ಟಾಪ್‌ವಾಚ್: ಮೊದಲ ಸ್ಪರ್ಧಿ 0:00:00, ಎರಡನೆಯವರು 0:00:30. ಎರಡನ್ನೂ ಬೆರೆಸಿದಾಗಲೇ ಫಲಿತಾಂಶದಲ್ಲಿ “7 ಗಂಟೆ 18 ನಿಮಿಷ” ಎಂಬಂಥ ವಿಚಿತ್ರ ಕಾಣುವುದು. ನನ್ನ ಮತ ದಿನದ ಗಡಿಯಾರದ ಕಡೆ. ಲ್ಯಾಪ್‌ಟಾಪ್ ಕೈಕೊಟ್ಟರೂ ಕಾಗದದ ಮೇಲೆ ಬರೆದ ದಿನದ ಹೊತ್ತಿನಿಂದ ಎಲ್ಲವನ್ನೂ ಮತ್ತೆ ಕಟ್ಟಬಹುದು. ಸ್ಟಾಪ್‌ವಾಚ್ ನಿಂತರೆ ಅದರ ಜೊತೆ ಸೊನ್ನೆಯೂ ಹೋಯಿತು.

ಹಿಂದಿನ ರಾತ್ರಿ ಲ್ಯಾಪ್‌ಟಾಪನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಫೋನುಗಳು ನೆಟ್‌ವರ್ಕ್ ಸಮಯದಲ್ಲಿರಲಿ. ಬೆಳಿಗ್ಗೆ ಮೂರನ್ನೂ ಪಕ್ಕಪಕ್ಕ ಇಟ್ಟು ಸೆಕೆಂಡು ಒಟ್ಟಿಗೆ ಬದಲಾಗುತ್ತದೆಯೇ ನೋಡಿ. ಹೊಂದಿದ ಮೇಲೆ ಲ್ಯಾಪ್‌ಟಾಪಿನ ತಾನಾಗಿ ಸಮಯ ಹೊಂದಿಸಿಕೊಳ್ಳುವ ಸೆಟ್ಟಿಂಗ್ ಆಫ್ ಮಾಡಿ, ಸ್ಪರ್ಧೆ ಮುಗಿಯುವ ತನಕ ಮುಟ್ಟಬೇಡಿ. ನಡುವೆ ಯಾರೋ ಹಾಟ್‌ಸ್ಪಾಟ್ ಕೊಟ್ಟು ಗಡಿಯಾರ ತಾನೇ ಸರಿಪಡಿಸಿಕೊಂಡರೆ, ಅದಕ್ಕೆ ಮೊದಲು ಬಂದವರ ಲೆಕ್ಕ ಒಂದು, ನಂತರ ಬಂದವರದ್ದು ಇನ್ನೊಂದು ಆಗುತ್ತದೆ.

ಚಿಪ್ ರೀಡರ್ ಬಾಡಿಗೆಗೆ ತಂದಿದ್ದರೆ ಅದಕ್ಕೂ ಸ್ವಂತ ಗಡಿಯಾರ ಇರುತ್ತದೆ. ಜಿಪಿಎಸ್‌ನಿಂದ ಸಮಯ ಪಡೆಯುವ ಉಪಕರಣಗಳು ಹಲವು ಬಾರಿ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಮೂಲ ಸಮಯದಲ್ಲಿರುತ್ತವೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಫಲಿತಾಂಶದಲ್ಲಿ ಸರಿಯಾಗಿ 5:30:00 ವ್ಯತ್ಯಾಸ ಬಂದರೆ ಬೇರೇನೂ ಹುಡುಕಬೇಡಿ, ಟೈಮ್ ಝೋನ್ ಸೆಟ್ಟಿಂಗ್ ನೋಡಿ.

3. ಸ್ಟಾರ್ಟ್ ಪಟ್ಟಿ ತಯಾರಿಸಿ

ತಪ್ಪುಗಳು ಹುಟ್ಟುವ ಜಾಗ ಇದು, ಇಲ್ಲಿ ಅವಸರ ಬೇಡ.

ಶೀಟಿನಲ್ಲಿ ಈ ಕಾಲಂಗಳಿರಲಿ: ಚೆಸ್ಟ್ ನಂಬರ್, ಹೆಸರು, ವಿಭಾಗ, ಸರದಿ, ನಿಗದಿ ಸಮಯ, ಹೊರಟ ಸಮಯ, ಷರಾ. ನಿಗದಿ ಸಮಯ ಎಂದರೆ ನೀವು ಪ್ರಕಟಿಸಿದ್ದು. ಹೊರಟ ಸಮಯ ಎಂದರೆ ಸ್ಪರ್ಧಿ ನಿಜವಾಗಿ ಗೆರೆ ಬಿಟ್ಟದ್ದು. ಈ ಎರಡು ಕಾಲಂ ಬೇರೆ ಬೇರೆ ಇರಲೇಬೇಕು. ಒಂದೇ ಕಾಲಂ ಇಟ್ಟು ಅದನ್ನೇ ತಿದ್ದುತ್ತಾ ಹೋದರೆ, ಯಾರಾದರೂ ತಕರಾರು ತೆಗೆದಾಗ ಮೊದಲು ಏನಿತ್ತು ಎಂದು ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಟೈಮ್ ಟ್ರಯಲ್‌ಗೆ 80 ಜನ: ಪುರುಷರು 45, ಮಹಿಳೆಯರು 20, ಹಿರಿಯರು 15. ಅಂತರ 30 ಸೆಕೆಂಡು. ಮೊದಲ ಸವಾರ ಎಷ್ಟಕ್ಕೆ? ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. 6:00ಕ್ಕೆ ಬಿಟ್ಟರೆ ಚೆಸ್ಟ್ ನಂಬರ್ ಓದಲು ಟಾರ್ಚ್ ಬೇಕು. ಹಾಗಾಗಿ 6:45:00 ಇಟ್ಟುಕೊಳ್ಳೋಣ. ಮಾರ್ಚ್ ನಂತರದ ಸ್ಪರ್ಧೆಯಾದರೆ ಇದು ತೀರಾ ತಡ. ರಾಯಚೂರಿನ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಕೊನೆಯ ಸರದಿಯವರು ಅದರಲ್ಲೇ ಬೇಯುತ್ತಾರೆ.

ಪ್ರತಿ ಹತ್ತು ಸರದಿಗೆ ಒಂದು ಸರದಿ ಖಾಲಿ ಬಿಡಿ. ತಡವಾಗಿ ಬಂದವರಿಗೆ, ಚೈನ್ ಕಳಚಿದವರಿಗೆ ಅದು ಬೇಕಾಗುತ್ತದೆ. 45 ಪುರುಷರಿಗೆ ನಾಲ್ಕು ಖಾಲಿ ಸೇರಿ 49 ಸರದಿ. ಕೊನೆಯವರು ಹೊರಡುವುದು 48 × 30 = 1440 ಸೆಕೆಂಡು, ಅಂದರೆ 24 ನಿಮಿಷದ ನಂತರ, 7:09:00ಕ್ಕೆ. 49ರಿಂದ ಗುಣಿಸಬೇಡಿ, ಮೊದಲನೆಯವರು ಸೊನ್ನೆಯಲ್ಲೇ ಹೊರಟಿರುತ್ತಾರೆ. 5 ನಿಮಿಷ ಬಿಡುವು ಕೊಟ್ಟರೆ ಮಹಿಳೆಯರ ಮೊದಲ ಸವಾರ 7:14:00ಕ್ಕೆ. ಅವರದು ಒಂದು ಖಾಲಿ ಸೇರಿ 21 ಸರದಿ, ಕೊನೆಯವರು 7:24:00. ಮತ್ತೆ 5 ನಿಮಿಷ ಬಿಟ್ಟು ಹಿರಿಯರು 7:29:00ರಿಂದ. 16 ಸರದಿ, ಕೊನೆಯವರು 7:36:30. ವಿಭಾಗಗಳ ನಡುವಿನ ಈ 5 ನಿಮಿಷವನ್ನು ಉಳಿಸಲು ಹೋಗಬೇಡಿ. ಮೊದಲ ವಿಭಾಗದಲ್ಲಿ ಆದ ತಡ ಎರಡನೆಯದಕ್ಕೆ ದಾಟದಂತೆ ತಡೆಯುವುದು ಅದೇ.

ಶೀಟಿಗೆ ಸೂತ್ರ: ವಿಭಾಗದ ಮೊದಲ ಸಮಯಕ್ಕೆ (ಸರದಿ − 1) × 30 ÷ 86400 ಕೂಡಿಸಿ. ಎಕ್ಸೆಲ್ ಒಂದು ದಿನವನ್ನು 1 ಎಂದು ಎಣಿಸುತ್ತದೆ, ದಿನಕ್ಕೆ 86,400 ಸೆಕೆಂಡು, ಅದಕ್ಕೇ ಈ ಭಾಗಾಕಾರ. ಹಿಂದಿನ ಸಾಲಿಗೆ 30 ಸೆಕೆಂಡು ಕೂಡಿಸುತ್ತಾ ಕೆಳಗೆ ಎಳೆಯುವ ಅಭ್ಯಾಸ ಬಿಡಿ. ದಶಮಾಂಶದ ಚೂರುಗಳು ಸಾಲಿನಿಂದ ಸಾಲಿಗೆ ಸೇರಿಕೊಂಡು, ಕಣ್ಣಿಗೆ 7:09:00 ಕಂಡರೂ ಒಳಗೆ ಅದು 7:08:59.999 ಆಗಿರಬಹುದು, ದಶಮಾಂಶ ಕತ್ತರಿಸಿ ಓದುವ ಸಾಫ್ಟ್‌ವೇರ್ ಒಂದು ಸೆಕೆಂಡು ನುಂಗಿಬಿಡುತ್ತದೆ. ಸೂತ್ರದ ಉತ್ತರವನ್ನು ಪೂರ್ಣ ಸೆಕೆಂಡಿಗೆ ರೌಂಡ್ ಮಾಡಿಬಿಟ್ಟರೆ ಚಿಂತೆ ಇಲ್ಲ.

ಶೀಟಿನಲ್ಲಿ ಹೆಚ್ಚಾಗಿ ಕಾಣುವ ಎಡವಟ್ಟುಗಳು ಇವು:

- 30 ಸೆಕೆಂಡು ಎಂದುಕೊಂಡು 0:30 ಎಂದು ಟೈಪ್ ಮಾಡುವುದು. ಎಕ್ಸೆಲ್ ಅದನ್ನು 30 ನಿಮಿಷ ಎಂದು ತಿಳಿಯುತ್ತದೆ. ಯಾವಾಗಲೂ ಮೂರು ಭಾಗ ಬರೆಯಿರಿ: 0:00:30.
- ಫೋನಿನ ಕನ್ನಡ ಕೀಬೋರ್ಡಿನಿಂದ ತುಂಬಿದ ಫಾರ್ಮಿನಲ್ಲಿ ೬:೪೫ ಎಂದೋ ೧೦೧ ಎಂದೋ ಅಂಕಿ ಬರುವುದು. ನಾವು ಸಲೀಸಾಗಿ ಓದುತ್ತೇವೆ, ಶೀಟಿಗೆ ಅದು ಬರೀ ಅಕ್ಷರ. ಹುಡುಕಿ ಬದಲಿಸಿ.
- ಸಮಯ ಅಂಕಿಯಾಗದೆ ಅಕ್ಷರವಾಗಿ ಕೂತಿರುವುದು. ಗುರುತು ಸುಲಭ: ನೀವು ಹೊಂದಿಸದಿದ್ದರೂ ಸೆಲ್ಲಿನ ಎಡಕ್ಕೆ ಅಂಟಿಕೊಂಡಿದ್ದರೆ ಅಕ್ಷರ, ಬಲಕ್ಕಿದ್ದರೆ ಅಂಕಿ.
- ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುವುದು. ಸೇವ್ ಮಾಡುವಾಗ ಬರೀ ಸಿಎಸ್‌ವಿ ಬೇಡ, ಸಿಎಸ್‌ವಿ ಯುಟಿಎಫ್-8 ಆಯ್ಕೆ ಮಾಡಿ. ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯದ ಫೈಲು, ಬಹುತೇಕ ಎಲ್ಲ ಟೈಮಿಂಗ್ ಸಾಫ್ಟ್‌ವೇರೂ ಓದುತ್ತದೆ.
- ಸಂಜೆಯ ಸ್ಪರ್ಧೆಗೆ 4:30 ಎಂದು ಬರೆಯುವುದು. 24 ಗಂಟೆಯ ಲೆಕ್ಕದಲ್ಲಿ 16:30:00 ಬರೆಯಿರಿ.

4. ಸಾಫ್ಟ್‌ವೇರ್‌ಗೆ ಹಾಕಿ, ಸುಳ್ಳು ಸ್ಪರ್ಧಿಗಳಿಂದ ಪರೀಕ್ಷಿಸಿ

ಪಟ್ಟಿ ಇಂಪೋರ್ಟ್ ಮಾಡುವಾಗ ಯಾವ ಕಾಲಂ ಯಾವುದಕ್ಕೆ ಎಂದು ಜೋಡಿಸಲು ಕೇಳುತ್ತದೆ. ನಿಗದಿ ಸಮಯವನ್ನು ಸ್ಟಾರ್ಟ್ ಟೈಮ್ ಜಾಗಕ್ಕೆ ಜೋಡಿಸಿ. ಬ್ಯಾಚ್ ಸ್ಪರ್ಧೆಯಾದರೆ ಸಮಯವನ್ನು ಬ್ಯಾಚಿಗೆ ಕೊಡಿ, ಸ್ಪರ್ಧಿಗೆ ಬ್ಯಾಚಿನ ಹೆಸರು ಮಾತ್ರ ಕೊಡಿ. ಪ್ರತಿ ಸ್ಪರ್ಧಿಯ ಸಾಲಿನಲ್ಲೂ ಸಮಯ ತುಂಬಿದರೆ, ಆಮೇಲೆ ಬ್ಯಾಚಿನ ಸಮಯ ಬದಲಿಸಿದರೂ ಏನೂ ಆಗುವುದಿಲ್ಲ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಸ್ವಂತ ಸಮಯ ಬ್ಯಾಚಿನ ಸಮಯವನ್ನು ಮೀರುತ್ತದೆ.

ಆಮೇಲೆ ಮೂವರಿಗೆ, ಅಂದರೆ ಮೊದಲನೆಯವರು, ನಡುವಿನವರು, ಕೊನೆಯವರಿಗೆ ಕೈಯಿಂದ ಫಿನಿಶ್ ಸಮಯ ಹಾಕಿ ನೋಡಿ. 7:14:30ಕ್ಕೆ ಹೊರಟವರಿಗೆ 7:48:12 ಹಾಕಿದರೆ 33:42 ಬರಬೇಕು. ಬಂತೇ? ಸರಿ, ಈಗ ಆ ಮೂರು ದಾಖಲೆ ಅಳಿಸಿ. ಅಳಿಸುವುದನ್ನು ಮರೆತರೆ ಮರುದಿನ ಹೊರಡದವರೂ ಗೆದ್ದಿರುತ್ತಾರೆ.

5. ಸ್ಟಾರ್ಟ್ ಲೈನಿನಲ್ಲಿ

ಇಂಟರ್ವಲ್ ಸ್ಪರ್ಧೆಯಲ್ಲಿ ಸ್ಟಾರ್ಟರ್ ಗಡಿಯಾರ ನೋಡಿ 30 ಸೆಕೆಂಡ್, 10 ಸೆಕೆಂಡ್ ಎಂದು ಹೇಳಿ, ಕೊನೆಯ ಐದನ್ನು ಎಣಿಸಲಿ. ಬರೆಯುವವರು ನಿಗದಿಯಂತೆ ಹೊರಟವರ ಮುಂದೆ ಟಿಕ್ ಹಾಕಲಿ. ತಪ್ಪಿದವರಿಗೆ ಮಾತ್ರ ಗಡಿಯಾರದ ಹೊತ್ತು ಬರೆಯಲಿ. ಬಾರದವರಿಗೆ ಅಡ್ಡಗೆರೆ. ಯಾವ ಸಾಲೂ ಖಾಲಿ ಉಳಿಯಬಾರದು. ಸ್ಟಾರ್ಟ್ ಲೈನಿನ ಬದಿಯಿಂದ ಒಂದು ಫೋನು ಸ್ಟ್ಯಾಂಡಿನ ಮೇಲೆ ವಿಡಿಯೋ ಮಾಡುತ್ತಿರಲಿ, ಅದರ ಚೌಕಟ್ಟಿನಲ್ಲಿ ಇನ್ನೊಂದು ಫೋನಿನ ಗಡಿಯಾರ ಕಾಣುತ್ತಿರಲಿ. ಎಲ್ಲ ತಕರಾರಿಗೂ ಕೊನೆಯ ಉತ್ತರ ಈ ವಿಡಿಯೋ.

ತಡವಾಗಿ ಬಂದವರಿಗೆ ಏನು? ಅಂತರರಾಷ್ಟ್ರೀಯ ಸೈಕ್ಲಿಂಗ್ ನಿಯಮದಲ್ಲಿ ಟೈಮ್ ಟ್ರಯಲ್‌ಗೆ ತಡವಾದವರ ಸಮಯವನ್ನು ನಿಗದಿ ಹೊತ್ತಿನಿಂದಲೇ ಎಣಿಸುತ್ತಾರೆ. 40 ಸೆಕೆಂಡ್ ತಡವಾದರೆ ಆ 40 ಸೆಕೆಂಡ್ ಅವರ ಲೆಕ್ಕಕ್ಕೇ. ಸಾಫ್ಟ್‌ವೇರ್‌ನಲ್ಲಿ ಏನನ್ನೂ ಬದಲಿಸಬೇಕಿಲ್ಲ. ಊರ ಮಟ್ಟದ ಸ್ಪರ್ಧೆಯಲ್ಲಿ ಕನಿಕರದಿಂದ ಖಾಲಿ ಸರದಿ ಕೊಡುವುದಾದರೆ ಆ ಹೊಸ ಸಮಯವನ್ನು ಹಾಕಿ, ಷರಾದಲ್ಲಿ ಬರೆಯಿರಿ. ಯಾವುದಾದರೊಂದನ್ನು ಆರಿಸಿಕೊಳ್ಳಿ. ಪರಿಚಯದವರಿಗೆ ಖಾಲಿ ಸರದಿ, ವಿಜಯಪುರದಿಂದ ಬಂದ ಹುಡುಗನಿಗೆ ನಿಯಮ ಎಂದಾದರೆ ಮುಂದಿನ ವರ್ಷ ಹೊರಗಿನಿಂದ ಯಾರೂ ಬರುವುದಿಲ್ಲ. ಸ್ಟಾರ್ಟರ್ ಬಿಡುವ ಮೊದಲೇ ಜಾರಿಕೊಂಡವರ ಮಾತು ಬೇರೆ. ಎರಡು ಸೆಕೆಂಡ್ ಮುಂಚೆ ಹೊರಟವರಿಗೆ ನಿಗದಿ ಸಮಯವನ್ನೇ ಉಳಿಸಿದರೆ ಎರಡು ಸೆಕೆಂಡ್ ಪುಕ್ಕಟೆ ಸಿಕ್ಕ ಹಾಗೆ. ಹೊರಟ ಸಮಯ ಹಾಕಿ, ದಂಡ ಇದ್ದರೆ ಬೇರೆ ಕಾಲಂನಲ್ಲಿ ಸೇರಿಸಿ.

ಬ್ಯಾಚ್ ಓಟದಲ್ಲಿ ನಿಗದಿ ಸಮಯವನ್ನು ನಂಬುವಂತೆಯೇ ಇಲ್ಲ. ದೀಪ ಬೆಳಗಿಸಿ, ಹಾರ ಹಾಕಿ, ಎರಡು ಭಾಷಣ ಮುಗಿಯುವಷ್ಟರಲ್ಲಿ 6:15ರ ಬ್ಯಾಚ್ 6:23 ದಾಟಿರುತ್ತದೆ. ಪ್ರತಿ ಬ್ಯಾಚಿಗೂ ಸದ್ದು ಕೇಳಿದ ಕ್ಷಣವನ್ನು ಇಬ್ಬರು ಬೇರೆ ಬೇರೆ ಬರೆದುಕೊಳ್ಳಿ. ಬಾವುಟ ಬೀಸುವ ಅತಿಥಿಗಳು ಕ್ಯಾಮೆರಾಕ್ಕೆ ಒಮ್ಮೆ, ಓಟಕ್ಕೆ ಒಮ್ಮೆ ಬೀಸುತ್ತಾರೆ. ಅವರು ಬೀಸಲಿ, ಅದು ಅವರ ಗೌರವ. ಆದರೆ ಓಟಗಾರರಿಗೆ ಲೆಕ್ಕ ನಿಮ್ಮ ಸ್ಟಾರ್ಟರಿನ ಪಿಸ್ತೂಲು ಅಥವಾ ಸೀಟಿ ಮಾತ್ರ ಎಂದು ಮೈಕಿನಲ್ಲಿ ಮೊದಲೇ ಹೇಳಿ.

ಚಿಪ್ ಇದ್ದರೆ: ಚೆಸ್ಟ್ ನಂಬರಿನ ಹಿಂದೆ ಅಂಟಿಸಿದ ಆರ್‌ಎಫ್‌ಐಡಿ ಟ್ಯಾಗನ್ನು, ಅಂದರೆ ರೇಡಿಯೋ ಅಲೆಯಿಂದ ಓದುವ ಚಿಪ್ಪನ್ನು, ಗೆರೆಯ ಮೇಲೆ ಹಾಸಿದ ಮ್ಯಾಟ್ ಗುರುತಿಸುತ್ತದೆ. ಓಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಜನ ಅದೇ ಮ್ಯಾಟಿನ ಮೇಲೆ ಹತ್ತು ಸಲ ಓಡಾಡಿರುತ್ತಾರೆ. ಅದಕ್ಕೆ ಸ್ಟಾರ್ಟ್ ಮ್ಯಾಟಿನ ದಾಖಲೆಯನ್ನು ಗುಂಡು ಹಾರಿದ ಮೇಲಿನ ಒಂದು ಅವಧಿಗೆ, ಉದಾಹರಣೆಗೆ ಹತ್ತು ನಿಮಿಷಕ್ಕೆ, ಸೀಮಿತಗೊಳಿಸಿ. ಆ ಅವಧಿಯೊಳಗಿನ ಕೊನೆಯ ದಾಖಲೆ ಹಿಡಿಯಿರಿ. ಫಿನಿಶ್‌ನಲ್ಲಿ ಇದಕ್ಕೆ ಉಲ್ಟಾ, ಮೊದಲ ದಾಖಲೆ. ಬ್ಯಾಚುಗಳ ಅಂತರ ಹತ್ತು ನಿಮಿಷಕ್ಕಿಂತ ಕಮ್ಮಿ ಇದ್ದರೆ ಅವಧಿಯನ್ನು ಬ್ಯಾಚಿಗೊಂದರಂತೆ ಕೊಡಿ. ಸ್ಟಾರ್ಟ್, ಫಿನಿಶ್ ಎರಡೂ ಒಂದೇ ಮ್ಯಾಟ್ ಆಗಿದ್ದರೆ ಕನಿಷ್ಠ ಓಟದ ಸಮಯ ಎಂಬ ಸೆಟ್ಟಿಂಗ್ ಬೇಕು. 5 ಕಿ.ಮೀ. ಓಟವನ್ನು ಭೂಮಿಯ ಮೇಲೆ ಯಾರೂ 12 ನಿಮಿಷದೊಳಗೆ ಮುಗಿಸಿಲ್ಲ; 10 ನಿಮಿಷ ಎಂದು ಇಟ್ಟರೆ ಅದಕ್ಕೆ ಮುಂಚಿನ ದಾಖಲೆಗಳು ಫಿನಿಶ್ ಎನ್ನಿಸಿಕೊಳ್ಳುವುದಿಲ್ಲ.

ಸ್ಟಾರ್ಟ್‌ನಲ್ಲಿ ಕೆಲವು ಚಿಪ್ ಓದಿಕೊಳ್ಳದೇ ಹೋಗುತ್ತವೆ. ಜನ ಒತ್ತಾಗಿ ನಿಂತಿರುತ್ತಾರೆ, ಮೈಯಲ್ಲಿನ ನೀರು ಈ ರೇಡಿಯೋ ಅಲೆಯನ್ನು ಹೀರಿಕೊಳ್ಳುತ್ತದೆ. ಅಂಥವರಿಗೆ ಬ್ಯಾಚಿನ ಗನ್ ಟೈಮ್ ತಾನಾಗಿ ಅನ್ವಯವಾಗುವಂತೆ ಮೊದಲೇ ಹೊಂದಿಸಿ. ಇಲ್ಲವಾದರೆ ಸಾಫ್ಟ್‌ವೇರ್ ಅವರನ್ನು ಹೊರಡಲೇ ಇಲ್ಲ ಎಂದು ಬದಿಗಿಡುತ್ತದೆ.

6. ನಡುವೆ ತಿದ್ದುವುದು

ಇಡೀ ಸ್ಪರ್ಧೆ 7 ನಿಮಿಷ ತಡವಾಯಿತು ಎನ್ನಿ. ದಾರಿ ಎರಡು: ಸ್ಪರ್ಧೆಯ ಮೂಲ ಸಮಯವನ್ನು 7 ನಿಮಿಷ ಮುಂದೆ ತಳ್ಳುವುದು, ಅಥವಾ ಶೀಟಿನಲ್ಲಿ ಎಲ್ಲರಿಗೂ 7 ನಿಮಿಷ ಕೂಡಿಸಿ ಮತ್ತೆ ಇಂಪೋರ್ಟ್ ಮಾಡುವುದು. ಒಂದನ್ನು ಮಾತ್ರ ಮಾಡಿ. ಇಬ್ಬರು ಕೂತಿದ್ದರೆ ಇಬ್ಬರೂ ಒಂದೊಂದು ಮಾಡಿ, ಫಲಿತಾಂಶ 14 ನಿಮಿಷ ಜಾರುವುದು ಇದ್ದದ್ದೇ.

ಯಾವ ಕಡೆ ತಳ್ಳಬೇಕು ಎಂಬ ಗೊಂದಲಕ್ಕೆ ಇದನ್ನು ನೆನಪಿಡಿ: ಹೊರಟ ಸಮಯ ಮುಂದೆ ಹೋದಷ್ಟೂ ಟೈಮಿಂಗ್ ಕಮ್ಮಿಯಾಗುತ್ತದೆ. ತಿದ್ದಿದ ಮೇಲೆ ಒಬ್ಬರ ಲೆಕ್ಕವನ್ನು ಕಾಗದದಲ್ಲಿ ಮಾಡಿ ಹೋಲಿಸಿ. ತಿದ್ದುವ ಮುಂಚೆ ಫೈಲಿನ ಒಂದು ಪ್ರತಿಯನ್ನು ಹೊತ್ತಿನ ಹೆಸರಿಟ್ಟು ಪೆನ್‌ಡ್ರೈವ್‌ಗೆ ಹಾಕಿ.

ಸರದಿಯ ನಡುವೆ ರಸ್ತೆಗೆ ಅದಿರಿನ ಲಾರಿಗಳ ಸಾಲೋ ಕುರಿ ಹಿಂಡೋ ಬಂದು ಸ್ಟಾರ್ಟ್ ನಿಂತಿತು ಎನ್ನಿ. ಉಳಿದವರನ್ನು ಬೇಗ ಬೇಗ ಬಿಟ್ಟು ಸರಿದೂಗಿಸಲು ಹೋಗಬೇಡಿ. ನಿಂತಿದ್ದು ಮೂರೂವರೆ ನಿಮಿಷವಾದರೆ ನಾಲ್ಕು ನಿಮಿಷ ಎಂದು ಪೂರ್ಣ ಮಾಡಿ, ಆ ಸರದಿಯಿಂದ ವಿಭಾಗದ ಕೊನೆಯವರೆಗೆ ಅಷ್ಟನ್ನು ಕೂಡಿಸಿ, ಮೈಕಿನಲ್ಲಿ ಹೇಳಿ. ಮುಂದಿನ ವಿಭಾಗದ 5 ನಿಮಿಷದ ಬಿಡುವು ಇದನ್ನು ನುಂಗಿಕೊಳ್ಳುತ್ತದೆ.

ಗೆಳೆಯರ ಜೊತೆ ಓಡಬೇಕೆಂದು ಬೇರೆ ಬ್ಯಾಚಿನಲ್ಲಿ ಸೇರಿಕೊಂಡವರು ಪ್ರತಿ ಓಟದಲ್ಲೂ ಇರುತ್ತಾರೆ. ಚಿಪ್ ಇದ್ದರೆ ಅವರ ಸ್ಟಾರ್ಟ್ ದಾಖಲೆಯೇ ನಿಜ ಹೇಳುತ್ತದೆ. ಚಿಪ್ ಇಲ್ಲದಿದ್ದರೆ ವಿಡಿಯೋ ನೋಡಿ ಬ್ಯಾಚ್ ಬದಲಿಸಿ.

7. ಪ್ರಕಟಿಸುವ ಮುಂಚೆ

ಫಲಿತಾಂಶವನ್ನು ಟೈಮಿಂಗ್ ಪ್ರಕಾರ ಜೋಡಿಸಿ, ಮೇಲಿನ ಐವರನ್ನೂ ಕೆಳಗಿನ ಐವರನ್ನೂ ನೋಡಿ. ಮೈನಸ್ ಬಂದಿದ್ದರೆ ಹೊರಟ ಸಮಯ ಫಿನಿಶ್ ನಂತರದ್ದಾಗಿದೆ. ಒಂದು ವಿಭಾಗ ಪೂರ್ತಿ ಅಸಾಧ್ಯ ವೇಗದಲ್ಲಿದ್ದರೆ ಅದರ ಬ್ಯಾಚ್ ಸಮಯ ತಪ್ಪು. ಅಕ್ಕಪಕ್ಕದ ಸರದಿಯ ಇಬ್ಬರಲ್ಲಿ ಒಬ್ಬರಿಗೆ ಸರಿಯಾಗಿ 30 ಸೆಕೆಂಡ್ ಹೆಚ್ಚು, ಇನ್ನೊಬ್ಬರಿಗೆ ಕಮ್ಮಿ ಅನ್ನಿಸಿದರೆ ಅವರು ಸರದಿ ಅದಲುಬದಲು ಮಾಡಿಕೊಂಡಿರುತ್ತಾರೆ. ರಸ್ತೆ ಓಟದಲ್ಲಿ ಚಿಪ್‌ನಿಂದ ಬಂದ ಸಮಯವನ್ನು ಮುಂದಿನ ಪೂರ್ಣ ಸೆಕೆಂಡಿಗೆ ಏರಿಸುವುದು ನಿಯಮ, 31:42.1 ಆದರೂ 31:43. ಲೆಕ್ಕವೆಲ್ಲ ಮುಗಿದ ಮೇಲೆ ಏರಿಸಿ, ಹೊರಟ ಸಮಯವನ್ನೇ ಏರಿಸಬೇಡಿ.

ಮೊದಲ ಪಟ್ಟಿಯ ಮೇಲೆ “ತಾತ್ಕಾಲಿಕ” ಎಂದು ಬರೆದು, ಅಂಟಿಸಿದ ಹೊತ್ತು ಹಾಕಿ. ಅಥ್ಲೆಟಿಕ್ಸ್ ನಿಯಮದಲ್ಲಿ ಫಲಿತಾಂಶದ ಬಗೆಗಿನ ಆಕ್ಷೇಪಣೆಗೆ ಘೋಷಣೆಯಾದ ಮೇಲೆ 30 ನಿಮಿಷ ಇದೆ. ನೀವೂ ಅಷ್ಟು ಕೊಡಿ, ಬಹುಮಾನ ಅದರ ನಂತರ. ಆಕ್ಷೇಪಣೆ ತಂದವರಿಗೆ ಲ್ಯಾಪ್‌ಟಾಪ್ ತೋರಿಸಬೇಡಿ, ಸ್ಟಾರ್ಟ್ ಲೈನಿನ ಕಾಗದ ತೋರಿಸಿ, ಅದಕ್ಕೂ ಒಪ್ಪದಿದ್ದರೆ ವಿಡಿಯೋ.

ಈ 30 ನಿಮಿಷದಲ್ಲಿ ನಿಮಗೂ ಒಂದು ಕೆಲಸವಿದೆ. ಸ್ಟಾರ್ಟ್ ಪಟ್ಟಿಯಲ್ಲಿ ಟಿಕ್ ಅಥವಾ ಹೊರಟ ಹೊತ್ತು ಇದ್ದು ಫಿನಿಶ್ ದಾಖಲೆ ಇಲ್ಲದ ನಂಬರುಗಳನ್ನು ಬೇರೆ ಬರೆಯಿರಿ. ಹೊರಡದವರನ್ನೂ ಅರ್ಧಕ್ಕೆ ಬಿಟ್ಟವರನ್ನೂ ಒಂದೇ ಗುಂಪಿಗೆ ಹಾಕಬೇಡಿ. ಹೊರಡದವರು ಮನೆಯಲ್ಲಿರುತ್ತಾರೆ, ಹೊರಟು ಬಾರದವರು ಇನ್ನೂ ರಸ್ತೆಯ ಮೇಲಿರಬಹುದು. ನೋಂದಣಿ ಫಾರ್ಮಿನಲ್ಲಿರುವ ನಂಬರಿಗೆ ಮೊದಲು ಫೋನ್ ಮಾಡಿ, ಎತ್ತದಿದ್ದರೆ ಎಲ್ಲರ ಹಿಂದೆ ಬರುವ ಗಾಡಿಯವರಿಗೆ ಆ ಚೆಸ್ಟ್ ನಂಬರ್ ಹೇಳಿ ಮಾರ್ಗದಲ್ಲಿ ವಾಪಸ್ ಕಳಿಸಿ.